ಪೇಪರ್ ಮಿಲ್ಲಿನ ಗಸಿ, ಮಾಲೂರಿನ ಇಟ್ಟಿಗೆ

ಮಾಲೂರು ಅಂದರೆ ಹೆಂಚು, ಇಟ್ಟಿಗೆ. ನಮ್ಮದೂ ಇಲ್ಲೇ ಒಂದು ಸಣ್ಣ ಇಟ್ಟಿಗೆ ಗೂಡು. ಕೆರೆ ಗೋಡು ಸಿಗೋದು ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು. ನೀಲಗಿರಿ ಸೌದೆ ದುಬಾರಿಯಾಯಿತು. ಆ ಹೊತ್ತಿನಲ್ಲಿ, ಹಳೇ ರಟ್ಟಿನ ಡಬ್ಬಗಳಿಂದ ಕ್ರಾಫ್ಟ್ ಪೇಪರ್, ಅಂದರೆ ಪ್ಯಾಕಿಂಗಿನ ಕಂದು ಕಾಗದ, ಮಾಡುವ ಮಿಲ್ಲೊಂದರ ಹಿಂದೆ ಬೂದು ಬಣ್ಣದ ಗುಡ್ಡೆ ಕಂಡೆ. ಮಿಲ್ಲಿನವರು ಸ್ಲಡ್ಜ್ ಅಂತಾರೆ, ನಮ್ಮ ಹುಡುಗರ ಬಾಯಲ್ಲಿ ಅದು ಗಸಿ.

ರಟ್ಟನ್ನು ಮತ್ತೆ ಮತ್ತೆ ಕಲಸಿ ಪೇಪರ್ ಮಾಡಿದ ಹಾಗೆಲ್ಲ ನಾರು ತುಂಡಾಗುತ್ತದೆ. ತೀರಾ ಗಿಡ್ಡವಾದದ್ದು ನೀರಿನ ಜೊತೆ ಹೊರಗೆ ಹೋಗುತ್ತದೆ. ಅದರ ಜೊತೆ ಒಂದಷ್ಟು ಜೇಡಿ, ಸುಣ್ಣದ ಪುಡಿ. ಗೂಡಿನಲ್ಲಿ ಈ ನಾರು ಉರಿದು ಒಳಗಿಂದಲೇ ಕಾವು ಕೊಡುತ್ತದೆ. ಅದಿದ್ದ ಜಾಗ ಸಣ್ಣ ತೂತಾಗಿ ಇಟ್ಟಿಗೆ ಹಗುರವಾಗುತ್ತದೆ. ಮಣ್ಣಿಗೆ ಹೊಟ್ಟು ಬೆರೆಸೋದೂ ಇದಕ್ಕೇ ಅಲ್ವಾ?

ಮೊದಲ ಸಲ ನಾಲ್ಕು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಗಸಿ ಹಾಕಿಸಿದೆ. ಹಸಿ ಇಟ್ಟಿಗೆ ಬಿಸಿಲಿಗೆ ಬಿದ್ದ ಎರಡನೇ ದಿನಕ್ಕೆ ಸೀಳಿತು. "ಅಣ್ಣ, ಈ ಮಣ್ಣು ನೀರು ಬಿಡ್ತಾನೇ ಇಲ್ಲ" ಅಂದ ನಮ್ಮ ಮೇಸ್ತ್ರಿ. ಸುಟ್ಟು ಉಳಿದದ್ದರಲ್ಲಿ ಒಂದನ್ನು ಸುತ್ತಿಗೆಯಿಂದ ಒಡೆದು ನೋಡಿದೆ. ಅಲ್ಲಲ್ಲಿ ಹುಣಸೆ ಬೀಜದಷ್ಟು ತೂತು. ಸುತ್ತ ಕೆಂಪು, ನಡುವೆ ಮಾತ್ರ ಇದ್ದಿಲಿನ ಹಾಗೆ ಕಪ್ಪು.

ತೂತಿಗೆ ಕಾರಣ ಗಸಿಯ ಗಂಟು. ಕಪ್ಪಿಗೆ ಕಾರಣ ಅವಸರದ ಉರಿ: ಒಳಗಿನ ನಾರು ಪೂರ್ತಿ ಸುಡಲು ಗಾಳಿ ಸಿಗುವ ಮೊದಲೇ ಕಾವು ಏರಿಸಿಬಿಟ್ಟಿದ್ದೆವು.

ಅಳತೆಯ ತಪ್ಪು ತಿಳಿದದ್ದು ಮನೆಯ ಒಲೆಯ ಮುಂದೆ. ಒಂದು ಕಿಲೋ ಗಸಿಯನ್ನು ಹಳೇ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೆದಕುತ್ತಾ ಒಣಗಿಸಿದೆ. ಕೊನೆಗೆ ಉಳಿದದ್ದು 350 ಗ್ರಾಂ. ಮಿಕ್ಕಿದ್ದೆಲ್ಲ ನೀರು! ಮುಂದಿನ ಲೋಡಿನಲ್ಲಿ ಅದೇ ಒಂದು ಕಿಲೋಗೆ 500 ಗ್ರಾಂ ಉಳಿಯಿತು. ಬಾಂಡ್ಲಿ ಲೆಕ್ಕ ಅವತ್ತಿಗೇ ಬಿಟ್ಟೆ. ಈಗ ಒಣ ತೂಕದ ಲೆಕ್ಕ. 100 ಕಿಲೋ ಒಣ ಮಣ್ಣಿಗೆ 5 ಕಿಲೋ ಒಣ ಗಸಿ. ಅಂದರೆ ಮೊದಲ ಲೋಡಿನದಾದರೆ ಹಸಿ ಗಸಿ 14 ಕಿಲೋ ಬೇಕು, ಎರಡನೆಯದಾದರೆ 10 ಸಾಕು.

ಗಸಿಯನ್ನು ರಾತ್ರಿಯೇ ತೊಟ್ಟಿಯಲ್ಲಿ ನೆನೆಸಿ, ಕಾಲಲ್ಲಿ ತುಳಿದು, ಗಂಜಿಯ ಹದಕ್ಕೆ ತರುತ್ತೇವೆ. ಮಣ್ಣಿಗೆ ಸೇರಿಸಿ, ಮಣ್ಣು ಕಲಸುವ ಯಂತ್ರ ಪಗ್‌ಮಿಲ್ಲಿಗೆ ಎರಡು ಸಲ ಕೊಡುತ್ತೇವೆ. ಹಸಿ ಇಟ್ಟಿಗೆ ಮೂರು ದಿನ ನೆರಳಲ್ಲಿ ಹುಲ್ಲು ಮುಚ್ಚಿಕೊಂಡೇ ಇರಬೇಕು, ಬಿಸಿಲು ಆಮೇಲೆ. ಗೂಡಿಗೆ ಮೊದಲ ದಿನವೆಲ್ಲ ಸಣ್ಣ ಉರಿ. ಇದರಿಂದ ಒಂದು ದಿನ ಜಾಸ್ತಿ ಹಿಡಿಯುತ್ತದೆ, ಆದರೆ ನಡುವಿನ ಕಪ್ಪು ಹೋಯಿತು.

ಸುಟ್ಟ ಇಟ್ಟಿಗೆಗೆ ಇರುವ ಭಾರತೀಯ ಮಾನಕ ಐಎಸ್ 1077 ಪ್ರಕಾರ ಸಾಮಾನ್ಯ ಇಟ್ಟಿಗೆ 24 ಗಂಟೆ ನೀರಲ್ಲಿ ನೆನೆದರೆ ತನ್ನ ತೂಕದ ಶೇ 20ಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ಇದನ್ನು ಯಾರು ಬೇಕಾದರೂ ಬಕೆಟ್ಟು, ತಕ್ಕಡಿ ಇಟ್ಟುಕೊಂಡು ನೋಡಬಹುದು. ಬರೀ ಮಣ್ಣಿನ ನಮ್ಮ ಇಟ್ಟಿಗೆ 3 ಕಿಲೋ 100 ಗ್ರಾಂ ಇತ್ತು. 5 ಕಿಲೋ ಲೆಕ್ಕದ್ದು 2 ಕಿಲೋ 900 ಗ್ರಾಂ, ನೆನೆದ ಮೇಲೆ 3 ಕಿಲೋ 400 ಗ್ರಾಂ. ಅಂದರೆ ಶೇ 17. ಮೊದಲ ಸಲದ ಇಟ್ಟಿಗೆಯನ್ನೂ ಹೀಗೇ ತೂಗಿದ್ದೆ. ಶೇ 22 ಬಂತು, ಒಂದನ್ನೂ ಮಾರಲಿಲ್ಲ. ಗಟ್ಟಿತನವನ್ನು ಮಾತ್ರ ಲ್ಯಾಬಿಗೆ ಕೊಟ್ಟೇ ನೋಡಬೇಕು. ಒಂದು ಚದರ ಸೆಂಟಿಮೀಟರಿಗೆ ಕಮ್ಮಿ ಅಂದರೂ 35 ಕಿಲೋ ತಡೆಯಬೇಕು. ಗಸಿ ಜಾಸ್ತಿಯಾದಷ್ಟೂ ಅದು ಇಳಿಯುತ್ತದೆ.

ಸೌದೆ ಸ್ವಲ್ಪ ಉಳಿಯುತ್ತದೆ, ನಿಜ. ತುಂಬಾ ಅಂದುಕೊಳ್ಳಬೇಡಿ. ದೂರದ ಮಿಲ್ಲಿನಿಂದ ತರಿಸಿದರೆ ನೀರಿಗೇ ಬಾಡಿಗೆ ಕೊಟ್ಟ ಹಾಗೆ.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳೋದಿಲ್ಲ. ಲೋಡಿನಲ್ಲಿ ಟೇಪು, ಪ್ಲಾಸ್ಟಿಕ್ ಚೂರು ಕಂಡರೆ ಹಾಗೇ ವಾಪಸ್. ಗೂಡಿನ ಪಕ್ಕದ ಶೆಡ್ಡಿನಲ್ಲಿ ಕೆಲಸದವರು ಮಕ್ಕಳು ಮರಿ ಕಟ್ಟಿಕೊಂಡು ಮಲಗುತ್ತಾರೆ. ಪ್ಲಾಸ್ಟಿಕ್ ಸುಟ್ಟ ಹೊಗೆ ನೇರ ಅವರ ಎದೆಗೆ ಹೋಗುತ್ತದೆ. ಹಳೇ ಪೇಪರಿನ ಇಂಕು ತೆಗೆಯುವಾಗ ಬರುವ ಗಸಿಯನ್ನೂ ಮುಟ್ಟೋದಿಲ್ಲ, ಅದರಲ್ಲಿ ಸೀಸದಂಥ ಲೋಹ ಇರಬಹುದು. ಉಳಿದದ್ದಕ್ಕೂ ಮಿಲ್ಲಿನಿಂದ ಟೆಸ್ಟ್ ರಿಪೋರ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ಪ್ರತಿ ಕೈಗೆ ಬಂದ ಮೇಲೇ ಟಿಪ್ಪರ್ ಒಳಗೆ ಬಿಡುತ್ತೇನೆ.

ಈ ಇಟ್ಟಿಗೆಯನ್ನು ಮನೆ ಒಳಗಿನ ಅಡ್ಡಗೋಡೆಗೆ ಮಾತ್ರ ಕೊಡುತ್ತೇವೆ, ಪಾಯಕ್ಕೆ ಕೇಳಿದರೆ ಇಲ್ಲ ಅಂತೀವಿ. ಗಸಿ ಬಂದ ನಾಲ್ಕು ದಿನದೊಳಗೆ ಮುಗಿಸಬೇಕು, ಆಮೇಲೆ ಕೊಳೆತು ನಾರುತ್ತದೆ. ಮಳೆ ಹಿಡಿದರೆ ಒಣಗಿಸಲು ಅಂಗಳವೇ ಇರೋದಿಲ್ಲ, ಹಾಗಾಗಿ ಆ ತಿಂಗಳುಗಳಲ್ಲಿ ಲೋಡ್ ತರಿಸೋದಿಲ್ಲ.