ಸ್ಟೆಮ್ ಸೆಲ್ ಬಗ್ಗೆ ವಿಕಿಪೀಡಿಯಕ್ಕೆ ಬರೆಯುವುದು ಹೇಗೆ? ಇಲಿಯನ್ನು ಇಲಿ ಅಂತಲೇ ಬರೆಯಿರಿ

ಕಾಲೇಜು ಹುಡುಗ ಹುಡುಗಿಯರ ಜೊತೆ ಕೂತು ಕನ್ನಡ ವಿಕಿಪೀಡಿಯಕ್ಕೆ ವಿಜ್ಞಾನದ ಲೇಖನ ಬರೆಸುವುದು ನನ್ನ ಸಂಬಳವಿಲ್ಲದ ಕೆಲಸ. ಜಾಸ್ತಿ ಎಡವಟ್ಟಾಗುವುದು ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶದ ವಿಷಯದಲ್ಲೇ. ಒಂದು ಕರಡಿನಲ್ಲಿ 'ಇದರಿಂದ ಮಧುಮೇಹ ವಾಸಿಯಾಗುತ್ತದೆ' ಎಂದು ಬರೆದಿತ್ತು. ಉಲ್ಲೇಖಕ್ಕೆ ಕೊಟ್ಟಿದ್ದು ಒಂದು ಸುದ್ದಿ ತುಣುಕು. ತೆರೆದು ಓದಿದರೆ ವಾಸಿಯಾಗಿದ್ದು ಇಲಿಗೆ. ಬರೆದ ಹುಡುಗ ಸುಳ್ಳುಗಾರನಲ್ಲ, ಪಾಪ. ಶೀರ್ಷಿಕೆ ಮಾತ್ರ ಓದಿದ್ದ.

ಆದರೆ ಆ ಪುಟವನ್ನು ಪರೀಕ್ಷೆಗೆ ಓದುವವರು ಮಾತ್ರ ನೋಡುವುದಿಲ್ಲವಲ್ಲ. ಮಗುವಿನ ಕಾಯಿಲೆಗೆ ದಾರಿ ಹುಡುಕುತ್ತ ರಾತ್ರಿ ಮೊಬೈಲ್ ಹಿಡಿದು ಕೂತ ಅಪ್ಪ ಅಮ್ಮನೂ ನೋಡುತ್ತಾರೆ.

ಹಂತ 1: ಖಾತೆ ತೆರೆಯಿರಿ, ಬರೆಯುವುದನ್ನೆಲ್ಲ ಮೊದಲು ನಿಮ್ಮ ಪ್ರಯೋಗಪುಟದಲ್ಲಿ (ಕರಡು ಬರೆಯಲು ನಿಮಗೇ ಸಿಗುವ ಪುಟ) ಬರೆಯಿರಿ. ಟೈಪಿಂಗ್ ಸೌಲಭ್ಯ ಅಲ್ಲೇ ಇದೆ. ನಾನಂತೂ ಕಗಪ ಕೀಲಿಮಣೆಯವನು.

ಹಂತ 2: ಹೆಸರು ಹುಡುಕಿ. ಕನ್ನಡದಲ್ಲಿ ಇದಕ್ಕೆ ಕಾಂಡಕೋಶ, ಆಕರಕೋಶ, ಸ್ಟೆಮ್ ಸೆಲ್ ಎಂದು ಮೂರು ಹೆಸರು ಓಡಾಡುತ್ತಿವೆ. ಮೂರನ್ನೂ ಹುಡುಕು ಪೆಟ್ಟಿಗೆಯಲ್ಲಿ ಹಾಕಿ ನೋಡಿ. ಇಲ್ಲದಿದ್ದರೆ ಒಂದೇ ವಿಷಯಕ್ಕೆ ಮೂರು ಅರೆಬೆಂದ ಪುಟ ಹುಟ್ಟುತ್ತವೆ. ನನ್ನ ಓಟು ಆಕರಕೋಶಕ್ಕೆ. ಕಾಂಡ ಅಂದ ಕೂಡಲೇ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಗಿಡ. ಬೇರೆ ಬೇರೆ ಬಗೆಯ ಕೋಶಗಳು ಹುಟ್ಟುವ ಮೂಲ ಎಂಬುದು 'ಆಕರ'ದಲ್ಲಿ ಸಲೀಸಾಗಿ ಬರುತ್ತದೆ. ಹಾಗಂತ ಈಗಾಗಲೇ ಬೇರೆ ಹೆಸರಲ್ಲಿ ಪುಟ ಇದ್ದರೆ ಜಗಳ ಬೇಡ. ಅದನ್ನೇ ಬೆಳೆಸಿ, ಹೆಸರಿನ ಮಾತನ್ನು ಅದರ ಚರ್ಚೆ ಪುಟದಲ್ಲೋ ಅರಳಿಕಟ್ಟೆಯಲ್ಲೋ (ವಿಕಿಪೀಡಿಯದವರೆಲ್ಲ ಸೇರಿ ಮಾತಾಡುವ ಪುಟ) ಎತ್ತಿ.

ಹಂತ 3: ಆಧಾರ ಆರಿಸುವುದು. ಎಲ್ಲರೂ ಬೀಳುವ ಹಳ್ಳ ಇದು. ಇಲ್ಲಿ ಆತುರ ಮಾಡಬೇಡಿ.

ಯಾವುದೇ ಸಂಶೋಧನೆ ಕೈಗೆ ಸಿಕ್ಕರೂ ಮೊದಲು ಕೇಳಿ: ಇದು ನಡೆದಿದ್ದು ಎಲ್ಲಿ? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಮನುಷ್ಯರಲ್ಲಾದರೆ ಎಷ್ಟು ಜನರಲ್ಲಿ? ಚಿಕಿತ್ಸೆ ಪಡೆಯದ ಗುಂಪಿನ ಜೊತೆ ಹೋಲಿಸಿ ನೋಡಿದ್ದಾರಾ? ಈ ಉತ್ತರ ನಿಮ್ಮ ವಾಕ್ಯದೊಳಗೇ ಇರಬೇಕು. 'ಬೆನ್ನುಹುರಿಯ ಗಾಯ ಗುಣವಾಗುತ್ತದೆ' ಅಲ್ಲ, 'ಇಲಿಗಳ ಮೇಲಿನ ಪ್ರಯೋಗದಲ್ಲಿ ಚಲನೆ ಸ್ವಲ್ಪ ಸುಧಾರಿಸಿತು'. ಓದಲು ಸಪ್ಪೆ ಅನ್ನಿಸುತ್ತದೆ. ಸಪ್ಪೆಯೇ ಇರಲಿ.

ಎರಡನೆಯದಾಗಿ, ಒಂಟಿ ಪ್ರಬಂಧವನ್ನು ನಂಬಿಕೊಂಡು ಚಿಕಿತ್ಸೆಯ ಮಾತು ಬರೆಯಬೇಡಿ. ಹಲವು ಪ್ರಬಂಧಗಳನ್ನು ಒಟ್ಟಿಗೆ ತೂಗಿ ನೋಡುವ ವಿಮರ್ಶಾ ಲೇಖನ ಹುಡುಕಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ವೈದ್ಯಕೀಯ ಲೇಖನಗಳ ಆಧಾರಕ್ಕೆಂದೇ ಬೇರೆ ಮಾರ್ಗಸೂಚಿ ಇದೆ. ಸುಮಾರು 5 ವರ್ಷದೊಳಗಿನ ವಿಮರ್ಶೆ ಸಿಕ್ಕರೆ ಒಳ್ಳೆಯದು ಎನ್ನುತ್ತದೆ ಅದು. ಕನ್ನಡದಲ್ಲೂ ಅದನ್ನೇ ಪಾಲಿಸಿ. ಪಬ್‌ಮೆಡ್ ಎಂಬ ವೈದ್ಯಕೀಯ ಪ್ರಬಂಧಗಳ ತಾಣದಲ್ಲಿ ಹುಡುಕಿದಾಗ ಎಡಗಡೆ 'ರಿವ್ಯೂ' ಎಂಬ ಚೌಕ ಕಾಣುತ್ತದೆ, ಅದಕ್ಕೆ ಗುರುತು ಹಾಕಿ. 'ಫ್ರೀ ಫುಲ್ ಟೆಕ್ಸ್ಟ್' ಚೌಕಕ್ಕೂ ಹಾಕಿದರೆ ದುಡ್ಡು ಕೊಡದೆ ಪೂರ್ತಿ ಓದಬಹುದು. ಸಾರಾಂಶ ಮಾತ್ರ ಓದಿ ಉಲ್ಲೇಖ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳಿದವರಿಗೆ ನಾನು ಹೇಳುವುದು ಜಪಾನಿನ ಕಥೆ. 2014ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಪ್ರಬಂಧ ಬಂದವು. ಇಲಿಯ ಮಾಮೂಲಿ ಕೋಶಗಳನ್ನು ತುಸು ಹುಳಿ ದ್ರಾವಣದಲ್ಲಿ ಅದ್ದಿದರೆ ಸಾಕು, ಅವು ಆಕರಕೋಶದಂತಾಗುತ್ತವೆ ಎಂದು ಹರುಕೊ ಒಬೊಕಾಟ ಮತ್ತು ಜೊತೆಗಾರರು ಬರೆದಿದ್ದರು. ಜಗತ್ತಿನ ಪತ್ರಿಕೆಗಳೆಲ್ಲ ಕುಣಿದಾಡಿದವು. ಬೇರೆ ಲ್ಯಾಬ್‌ಗಳು ಮಾಡಿ ನೋಡಿದರೆ ಆಗಲಿಲ್ಲ. ಆ ಜುಲೈಯಲ್ಲೇ ಎರಡೂ ಪ್ರಬಂಧಗಳನ್ನು ವಾಪಸ್ ಪಡೆದರು. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ಅವರದು ಇನ್ನೂ ಹಳೆಯದು. ತದ್ರೂಪಿ ಮಾನವ ಭ್ರೂಣದಿಂದ ಆಕರಕೋಶ ಪಡೆದೆವು ಎಂದು 2004 ಮತ್ತು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 2006ರ ಜನವರಿಯಲ್ಲಿ ಆ ಎರಡನ್ನೂ ಪತ್ರಿಕೆ ರದ್ದು ಮಾಡಿತು. ಇಂಥ ಪ್ರಬಂಧಕ್ಕೆ ಪಬ್‌ಮೆಡ್‌ನಲ್ಲಿ 'ರಿಟ್ರ್ಯಾಕ್ಟೆಡ್' ಎಂಬ ಸೂಚನೆ ಇರುತ್ತದೆ. ಉಲ್ಲೇಖ ಹಾಕುವ ಮುಂಚೆ ಅದನ್ನೊಮ್ಮೆ ನೋಡಿ, ಅರ್ಧ ನಿಮಿಷದ ಕೆಲಸ.

ಇತಿಹಾಸ ಬರೆಯುವಾಗ ಇಷ್ಟು ಬಿಗಿ ಬೇಡ. 2006ರಲ್ಲಿ ಶಿನ್ಯಾ ಯಮನಾಕ ಅವರ ತಂಡ ನಾಲ್ಕು ಜೀನ್ ಸೇರಿಸಿ ಇಲಿಯ ಚರ್ಮದ ಕೋಶವನ್ನು ಆಕರಕೋಶದ ಸ್ಥಿತಿಗೆ ಮರಳಿಸಿತು, 2007ರಲ್ಲಿ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು, 2012ರಲ್ಲಿ ಜಾನ್ ಗರ್ಡನ್ ಜೊತೆ ಅವರಿಗೆ ನೊಬೆಲ್ ಬಂತು ಎನ್ನುವುದಕ್ಕೆ ಮೂಲ ಪ್ರಬಂಧ, ನೊಬೆಲ್ ತಾಣ ಸಾಕು.

ಒಂದು ಅಡ್ಡದಾರಿಯ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಚಾಟ್‌ಬಾಟ್ ಹತ್ತಿರ ಉಲ್ಲೇಖ ಕೇಳಬೇಡಿ. ಪತ್ರಿಕೆಯ ಹೆಸರು, ಸಂಪುಟ, ಪುಟ ಸಂಖ್ಯೆ ಎಲ್ಲ ಅಚ್ಚುಕಟ್ಟಾಗಿ ಕೊಡುತ್ತದೆ. ಹುಡುಕಿದರೆ ಎಷ್ಟೋ ಸಲ ಅಂಥ ಪ್ರಬಂಧವೇ ಇರುವುದಿಲ್ಲ. ಒಬ್ಬ ವಿದ್ಯಾರ್ಥಿನಿಯ ಎಂಟು ಉಲ್ಲೇಖಗಳಲ್ಲಿ ಐದು ಹೀಗೇ ಗಾಳಿಯಲ್ಲಿದ್ದವು.

ಹಂತ 4: ಬರೆಯಿರಿ. ಯಂತ್ರಾನುವಾದದ ಬಟನ್ ಒತ್ತಿ ಬಂದಿದ್ದನ್ನು ಹಾಗೇ ಅಂಟಿಸಬೇಡಿ. 'ಸೆಲ್ ಕಲ್ಚರ್' ಎಂಬುದು 'ಜೀವಕೋಶ ಸಂಸ್ಕೃತಿ' ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. 'ಕ್ಲಿನಿಕಲ್ ಟ್ರಯಲ್' ಕೋರ್ಟಿನ ವಿಚಾರಣೆಯಾಗಿತ್ತು. ಕೋಶ ಬೆಳೆಸುವುದು, ರೋಗಿಗಳ ಮೇಲಿನ ಪ್ರಯೋಗ ಅಂದರೆ ಆಯ್ತಲ್ವಾ? ನಗು ಬರಿಸುವ ತಪ್ಪಾದರೂ ಪರವಾಗಿಲ್ಲ, ಗೊತ್ತೇ ಆಗದ ತಪ್ಪುಗಳು ಇನ್ನೂ ಕೆಟ್ಟವು. 'ಅಡಲ್ಟ್ ಸ್ಟೆಮ್ ಸೆಲ್'ಗೆ ವಯಸ್ಕ ಆಕರಕೋಶ ಎಂದು ಬರೆದರೆ ದೊಡ್ಡವರಲ್ಲಿ ಮಾತ್ರ ಇರುತ್ತದೆ ಅನ್ನಿಸುತ್ತದೆ. ಎಳೆಗೂಸಿನ ಮೂಳೆ ಮಜ್ಜೆಯಲ್ಲೂ ಅವು ಇವೆ. ಹಾಗೆಯೇ ಭ್ರೂಣ. ಕನ್ನಡದಲ್ಲಿ ಭ್ರೂಣ ಅಂದರೆ ಕೈಕಾಲು ಮೂಡಿದ ಮಗು ಕಣ್ಣಮುಂದೆ ಬರುತ್ತದೆ. ಆಕರಕೋಶ ತೆಗೆಯುವುದು ಸುಮಾರು ಐದು ದಿನದ, ಸೂಜಿಮೊನೆಯಷ್ಟಿರುವ ಕೋಶಗಳ ಉಂಡೆಯಿಂದ. ಭ್ರೂಣ ಎಂಬ ಪದ ಮೊದಲ ಸಲ ಬಂದಲ್ಲೇ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. 'ಸಂಜೀವಿನಿ', 'ಪವಾಡ' ಎಂಬ ಪದಗಳು ನಿಮ್ಮ ಕರಡಿನಲ್ಲಿದ್ದರೆ ಸುಮ್ನೆ ಅಳಿಸಿ.

ನಮ್ಮೂರಿನ ಕೆಲಸವನ್ನೂ ಸೇರಿಸಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ಅವರ ತಂಡ, ಬೇಡವೆಂದು ಬಿಟ್ಟ ಭ್ರೂಣಗಳಿಂದ ಎರಡು ಮಾನವ ಆಕರಕೋಶ ತಳಿಗಳನ್ನು (ಲ್ಯಾಬಿನಲ್ಲಿ ಮತ್ತೆ ಮತ್ತೆ ಬೆಳೆಸಬಹುದಾದ ಕೋಶಗಳು) ಬೆಳೆಸಿತು. ಆ ಪ್ರಬಂಧ ಬಂದಿದ್ದು 2009ರಲ್ಲಿ.

ಹಂತ 5: ಚಿಕಿತ್ಸೆಯ ಭಾಗ. ಇದನ್ನು ಕೊನೆಗೆ ಬರೆಯಿರಿ, ಅಷ್ಟರಲ್ಲಿ ಕೈ ಪಳಗಿರುತ್ತದೆ. ಭಾರತದಲ್ಲಿ ಏನು ಸರಿ ಎಂಬುದಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ನೋಡಿ. ಅದರ ಪ್ರಕಾರ ಒಪ್ಪಿತ ಚಿಕಿತ್ಸೆ ಅಂದರೆ ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶ ಕಸಿ, ಅಂದರೆ ನಾವು ಮೂಳೆ ಮಜ್ಜೆ ಕಸಿ ಅಂತ ಕರೆಯುವಂಥದ್ದು. ಉಳಿದದ್ದು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಯಬೇಕು. ಹೊಕ್ಕುಳಬಳ್ಳಿ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸುವ ಕಂಪನಿಗಳ ಪುಟಗಳು ಚಂದವಾಗಿರುತ್ತವೆ, ನಗುವ ಮಗುವಿನ ಫೋಟೊ ಬೇರೆ. ಅವು ಆಧಾರವಲ್ಲ, ಜಾಹೀರಾತು. ಮುಂದೆ ಅದೇ ಮಗುವಿಗೆ ಬೇಕಾದೀತು ಎಂದು ಹೀಗೆ ಕೂಡಿಡುವುದನ್ನು ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ನಿಮ್ಮ ಲೇಖನದಲ್ಲಿ ಆ ಮಾತೂ ಇರಲಿ.

ಹಂತ 6: ಚಿತ್ರ, ವರ್ಗ, ಬೇರೆ ಪುಟಗಳಿಗೆ ಕೊಂಡಿ. ಗೂಗಲ್‌ನಿಂದ ಎತ್ತಿದ ಚಿತ್ರ ಬೇಡ, ಮುಕ್ತವಾಗಿ ಬಳಸಬಹುದಾದ ಚಿತ್ರಗಳಿರುವ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ.

ಹಂತ 7: ಪ್ರಕಟಿಸಿ, ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಹಾಕಿಕೊಳ್ಳಿ, ಯಾರು ಏನು ಬದಲಿಸಿದರೂ ಅದರಲ್ಲಿ ಕಾಣುತ್ತದೆ. ಹೊಸಬರು ಈ ಹಂತ ಮರೆಯುತ್ತಾರೆ. ನಾನು ತಿದ್ದಿದ ಒಂದು ಪುಟದ ಕೊನೆಯಲ್ಲಿ ಮೂರೇ ವಾರಕ್ಕೆ ಯಾವುದೋ ಕ್ಲಿನಿಕ್ಕಿನ ಫೋನ್ ನಂಬರ್ ಬಂದು ಕೂತಿತ್ತು. ಪುಟದ ಇತಿಹಾಸಕ್ಕೆ ಹೋಗಿ ಆ ಬದಲಾವಣೆಯನ್ನು ರದ್ದು ಮಾಡಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆದೆ. ಮರುವಾರ ಮತ್ತೆ ಬಂತು. ಮತ್ತೆ ತೆಗೆದೆ.