‘ಬಂದ್ರೆ ಹೊಡೀತೀನಿ’ ಅಂದರೆ ಯಾವಾಗ?

ನಾವು ಐದು ಜನ. ಹಾಸನದಲ್ಲಿ ಸಾಲಗಾಮೆ ರಸ್ತೆ ಹತ್ತಿರ ನಮ್ಮ ಮನೆ ಮಹಡಿ ಮೇಲೆ ಭಾನುವಾರ ಮಧ್ಯಾಹ್ನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕತೆ ಕಟ್ಟುವ ಆಟ ಅದು. ನಾನು ಡಿಎಂ. ಅಂದರೆ ಕತೆ ನಡೆಸುವವನು, ರಾಕ್ಷಸರ ಪರವಾಗಿ ದಾಳ ಹಾಕುವವನು, ತಕರಾರು ಬಂದಾಗ ತೀರ್ಪು ಹೇಳುವವನು ಎಲ್ಲಾ ನಾನೇ. ಆಡುವವರು ನನ್ನ ತಂಗಿ, ಅವಳ ಕಾಲೇಜಿನ ಗೆಳತಿ, ನನ್ನ ಹಳೇ ದೋಸ್ತ್ ಒಬ್ಬ, ಮತ್ತೆ ಸಕಲೇಶಪುರದಿಂದ ಬಸ್ಸಲ್ಲಿ ಬರುವ ಇನ್ನೊಬ್ಬ ಗೆಳೆಯ. ಪುಸ್ತಕ ಇಂಗ್ಲಿಷಿನದು, ಆಟದ ಮಾತೆಲ್ಲಾ ಕನ್ನಡ. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಈ ಎರಡರ ನಡುವೆಯೇ.

ನಾವು ಆಡುವುದು 2014ರ ನಿಯಮ. ಅದರಲ್ಲಿ ಹೊಡೆದಾಟದ ಒಂದು ರೌಂಡ್ ಅಂದರೆ ಕತೆಯೊಳಗೆ ಸುಮಾರು 6 ಸೆಕೆಂಡ್. ಆ ಆರು ಸೆಕೆಂಡಿನಲ್ಲಿ ಎಲ್ಲರಿಗೂ ಒಂದೊಂದು ಟರ್ನ್. ಯಾರು ಮೊದಲು ಅನ್ನುವುದನ್ನು ಇನಿಶಿಯೇಟಿವ್ ದಾಳ ಹೇಳುತ್ತದೆ. ನಿಮ್ಮ ಟರ್ನ್‌ನಲ್ಲಿ ಓಡಾಡಬಹುದು, ಒಂದು ಆಕ್ಷನ್ ಮಾಡಬಹುದು, ಯಾವುದಾದರೂ ಶಕ್ತಿ ಅವಕಾಶ ಕೊಟ್ಟರೆ ಒಂದು ಬೋನಸ್ ಆಕ್ಷನ್. ಇದರ ಹೊರಗೆ ಒಂದು ರಿಯಾಕ್ಷನ್ ಇರುತ್ತದೆ. ಅದನ್ನು ಬೇರೆಯವರ ಟರ್ನ್‌ನಲ್ಲೂ ಬಳಸಬಹುದು. ಒಮ್ಮೆ ಬಳಸಿದರೆ ನಿಮ್ಮ ಮುಂದಿನ ಟರ್ನ್ ಶುರುವಾಗುವ ತನಕ ಮತ್ತೆ ಸಿಗುವುದಿಲ್ಲ. ಇಷ್ಟು ಎಲ್ಲರಿಗೂ ಬೇಗ ಅರ್ಥವಾಯಿತು. ಕಷ್ಟ ಇದ್ದದ್ದು ‘ಯಾವಾಗ’ ಅನ್ನುವುದರಲ್ಲಿ.

ಮೊದಲ ದೊಡ್ಡ ತಪ್ಪು ನನ್ನದೇ. ಆಟ ಶುರು ಮಾಡಿದಾಗ ಎಲ್ಲರಿಗೂ ಅನುಕೂಲ ಆಗಲಿ ಅಂತ ನಿಯಮಗಳನ್ನು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದಿಟ್ಟೆ. ಟರ್ನ್ ಅಂತ ಇದ್ದ ಕಡೆಯೂ ‘ಸುತ್ತು’ ಅಂತ ಬರೆದೆ, ರೌಂಡ್ ಅಂತ ಇದ್ದ ಕಡೆಯೂ ‘ಸುತ್ತು’ ಅಂತಲೇ ಬರೆದೆ. ನನ್ನ ದೋಸ್ತ್ ಆಡುವುದು ರೋಗ್, ಕಳ್ಳನ ಪಾತ್ರ. ಅವನ ಮುಖ್ಯ ಶಕ್ತಿ ಸ್ನೀಕ್ ಅಟ್ಯಾಕ್, ಹೊಂಚು ಹಾಕಿ ಹೊಡೆಯುವುದು. ಪುಸ್ತಕದಲ್ಲಿ ಅದು ಒಂದು ಟರ್ನ್‌ಗೆ ಒಮ್ಮೆ. ನನ್ನ ನೋಟ್‌ಬುಕ್ಕಿನಲ್ಲಿ ಸುತ್ತಿಗೆ ಒಮ್ಮೆ. ವ್ಯತ್ಯಾಸ ಏನು ಅಂದರೆ, ಅವನು ತನ್ನ ಟರ್ನ್‌ನಲ್ಲಿ ಒಬ್ಬನಿಗೆ ಹೊಂಚು ಹಾಕಿ ಹೊಡೆದ, ಆಮೇಲೆ ಬೇರೊಬ್ಬ ಶತ್ರು ತನ್ನ ಟರ್ನ್‌ನಲ್ಲಿ ಇವನ ಪಕ್ಕದಿಂದ ಓಡಿಹೋದ ಅಂದುಕೊಳ್ಳಿ. ಆಗ ಇವನು ರಿಯಾಕ್ಷನ್ ಬಳಸಿ ಹೊಡೆಯಬಹುದು. ಅದು ಬೇರೆ ಟರ್ನ್ ಆದ್ದರಿಂದ ಮಿಕ್ಕ ಷರತ್ತು ಕೂಡಿಬಂದರೆ ಸ್ನೀಕ್ ಅಟ್ಯಾಕ್ ಇನ್ನೊಮ್ಮೆ ಸಿಗುತ್ತದೆ. ಮೂರು ತಿಂಗಳು ಅವನಿಗೆ ಅದನ್ನು ನಾನು ಕೊಡಲೇ ಇಲ್ಲ. ಗೊತ್ತಾದ ದಿನ ಅವನ ಹತ್ತಿರ ಕ್ಷಮೆ ಕೇಳಿದೆ. ‘ಬಿಡೋ ಮಗಾ, ಇನ್ಮೇಲೆ ಕೊಡು ಸಾಕು’ ಅಂದ. ಅವತ್ತಿಂದ ನಮ್ಮಲ್ಲಿ ಟರ್ನ್ ಅಂದರೆ ಸರದಿ, ರೌಂಡ್ ಅಂದರೆ ಸುತ್ತು. ಎಲ್ಲರ ಸರದಿ ಮುಗಿದರೆ ಒಂದು ಸುತ್ತು. ಚೌಕಾಬಾರ ಆಡಿ ಬೆಳೆದವರಿಗೆ ‘ನನ್ನ ಸರದಿ’ ಅನ್ನುವ ಮಾತು ಬಾಯಲ್ಲೇ ಇರುತ್ತದೆ, ಅಲ್ವಾ? ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಎರಡನೆಯದು ಇನ್ನೂ ಸೂಕ್ಷ್ಮ. ನಮ್ಮ ಕತೆ ಆಗ ಒಂದು ನಕ್ಷತ್ರದಾಕಾರದ ಕೋಟೆಯಲ್ಲಿ ನಡೆಯುತ್ತಿತ್ತು. ಸಕಲೇಶಪುರದ ಹತ್ತಿರ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆಯಲ್ಲ, ಎಂಟು ಮೂಲೆಯದು, ಅದನ್ನೇ ನೋಡಿಕೊಂಡು ಗ್ರಾಫ್ ಹಾಳೆ ಮೇಲೆ ನಕ್ಷೆ ಬರೆದಿದ್ದೆ. ಶತ್ರುಗಳಿಗೆ ಕಾಫಿ ಬೀಜ, ನಮ್ಮವರಿಗೆ ಬೇರೆ ಬೇರೆ ಬಣ್ಣದ ಗುಂಡಿ. ಸಕಲೇಶಪುರದ ಗೆಳೆಯನ ಬಿಲ್ಲುಗಾರ ಬಾಗಿಲಿನ ಎದುರು ನಿಂತು, ‘ಆ ಮಂತ್ರವಾದಿ ಬಾಗ್ಲಲ್ಲಿ ಕಂಡ್ರೆ ಬಾಣ ಬಿಡ್ತೀನಿ’ ಅಂದ. ಇದು ರೆಡಿ ಅನ್ನುವ ಆಕ್ಷನ್. ಈಗಲೇ ಆಕ್ಷನ್ ಖರ್ಚು ಮಾಡಿ, ಒಂದು ಷರತ್ತು ಹೇಳಿ ಕಾಯುವುದು. ಷರತ್ತು ನಡೆದಾಗ ರಿಯಾಕ್ಷನ್ ಬಳಸಿ ಕೆಲಸ ಮಾಡುವುದು. ಮಂತ್ರವಾದಿಯ ಸರದಿ ಬಂತು. ಅವನು ಬಾಗಿಲಿಗೆ ಬಂದ, ಬೆಂಕಿ ಎಸೆದ, ಮತ್ತೆ ಗೋಡೆ ಹಿಂದಕ್ಕೆ ಹೋದ. ನಾನು ಒಂದೇ ಉಸಿರಲ್ಲಿ ಇಷ್ಟನ್ನೂ ಹೇಳಿಬಿಟ್ಟೆ. ಆಮೇಲೆ ಬಾಣದ ಮಾತು ಬಂದಾಗ ‘ಅವನು ಈಗ ಗೋಡೆ ಹಿಂದೆ ಇದಾನೆ, ಕಾಣಲ್ಲ’ ಅಂದೆ. ಗೆಳೆಯ ಒಪ್ಪಲಿಲ್ಲ. ಕಂಡ ಕ್ಷಣವೇ ಬಾಣ ಹೋಗಬೇಕಿತ್ತು ಅಂತ ಅವನ ವಾದ. ತಂಗಿಯೂ ಅವನ ಪರ ನಿಂತಳು. ಕಾಫಿ ಆರಿಹೋಗುವ ತನಕ ವಾದ ಮಾಡಿದೆವು.

ಅವತ್ತು ರಾತ್ರಿ ಕೂತು ಆ ಪ್ಯಾರಾ ನಾಲ್ಕು ಸಲ ಓದಿದೆ. ಸರಿ ಇದ್ದದ್ದು ಗೆಳೆಯನೇ. ಷರತ್ತು ಮುಗಿದ ಕೂಡಲೇ ರಿಯಾಕ್ಷನ್ ಅಂತ ಪುಸ್ತಕ ಹೇಳುತ್ತದೆ. ಮುಗಿಯಬೇಕಾದ್ದು ಷರತ್ತು, ಶತ್ರುವಿನ ಸರದಿ ಅಲ್ಲ. ಷರತ್ತು ‘ಕಾಣುವುದು’ ಆದರೆ ಅವನು ಕಂಡಾಗಲೇ ಅದು ಮುಗಿಯಿತು. ಬಾಣ ಹೋಗಬೇಕಾದ್ದು ಬೆಂಕಿಗಿಂತ ಮೊದಲು. ಆದರೆ ಗೆಳೆಯ ‘ಮಂತ್ರ ಹಾಕಿದ್ರೆ ಬಿಡ್ತೀನಿ’ ಅಂದಿದ್ದರೆ ಕತೆ ಬೇರೆ. ಆಗ ಮಂತ್ರ ಪೂರ್ತಿ ಆಗಿ, ಬೆಂಕಿ ಬಿದ್ದ ಮೇಲೆ ಬಾಣ. ಮಂತ್ರವನ್ನು ನಡುವೆಯೇ ತಡೆಯುವುದಕ್ಕೆ ಕೌಂಟರ್‌ಸ್ಪೆಲ್ ಅಂತ ಬೇರೆ ಮಂತ್ರವೇ ಇದೆ. ಅದು ಎದುರಿನವನು ಮಂತ್ರ ಹಾಕುತ್ತಿರುವಾಗಲೇ ಕೆಲಸ ಮಾಡುತ್ತದೆ.

ಆವಾಗ ನನಗೆ ಹೊಳೆದದ್ದು ನಮ್ಮ ಕನ್ನಡದ ‘ರೆ’. ಕಂಡರೆ, ಬಂದರೆ, ಹೋದರೆ. ಷರತ್ತು ಏನು ಅಂತ ಅದು ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ಆದರೆ ಅದನ್ನು ಹೇಳುವುದಕ್ಕೆ ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ಹೋಗುವ ಮುಂಚೆ, ಹೋಗುವಾಗ, ಹೋದ ಕೂಡಲೇ, ಹೋದ ಮೇಲೆ. ಮುಂದಿನ ವಾರವೇ ನಮ್ಮ ಮೇಜಿನ ಕಟ್ಟುಪಾಡು ಮಾಡಿದೆವು. ರೆಡಿ ಹೇಳುವಾಗ ‘ರೆ’ ಬೇಡ, ‘ಕೂಡಲೇ’ ಬೇಕು. ‘ಮಂತ್ರವಾದಿ ಕಂಡ ಕೂಡಲೇ ಬಾಣ.’ ನಾನೂ ಶತ್ರುಗಳ ಸರದಿಯನ್ನು ತುಂಡು ತುಂಡಾಗಿ ಹೇಳುತ್ತೇನೆ. ‘ಬಾಗಿಲಿಗೆ ಬಂದ’ ಅಂದು ನಿಲ್ಲುತ್ತೇನೆ. ಯಾರೂ ಮಾತಾಡದಿದ್ದರೆ ಮುಂದಕ್ಕೆ. ಆಟ ನಿಧಾನ ಆಗುತ್ತದೇನೋ ಅಂತ ಹೆದರಿಕೆ ಇತ್ತು, ಆಗಲಿಲ್ಲ. ವಾದಕ್ಕೆ ಹೋಗುತ್ತಿದ್ದ ಹೊತ್ತು ಉಳಿಯಿತು.

ಆಪರ್ಚುನಿಟಿ ಅಟ್ಯಾಕ್ ಕೂಡ ಇದೇ ಪದಗಳಿಂದ ಸುಲಭವಾಯಿತು. ಶತ್ರು ನಿಮ್ಮ ಕೈಗೆ ಸಿಗುವ ದೂರದಿಂದ ಆಚೆ ಹೋದರೆ ರಿಯಾಕ್ಷನ್‌ನಲ್ಲಿ ಒಂದು ಏಟು. ತಂಗಿಯ ಗೆಳತಿ ಕೇಳಿದಳು, ‘ಆಚೆ ಹೋದ್ಮೇಲೆ ಕತ್ತಿ ಹೇಗೆ ತಾಗುತ್ತೆ?’ ಸರಿಯಾದ ಪ್ರಶ್ನೆ. ಅದಕ್ಕೇ ಈ ಏಟು ‘ಹೋಗುವ ಮುಂಚೆ’. ಅವನು ಇನ್ನೂ ನಕ್ಷೆಯ ಪಕ್ಕದ ಚೌಕದಲ್ಲೇ ಇರುವಾಗ ಬೀಳುತ್ತದೆ. ರೆಡಿಗೆ ‘ಕೂಡಲೇ’, ಇದಕ್ಕೆ ‘ಮುಂಚೆ’. ನಿಮ್ಮ ಸುತ್ತಲೇ ಸುತ್ತಾಡಿದರೆ ಏಟಿಲ್ಲ. ಡಿಸ್‌ಎಂಗೇಜ್ (ಏಟು ತಪ್ಪಿಸಿಕೊಂಡು ಹಿಂದೆ ಸರಿಯುವ) ಆಕ್ಷನ್ ಮಾಡಿ ಹೊರಟರೆ ಇಲ್ಲ. ಬೇರೆಯವರು ತಳ್ಳಿದ್ದರಿಂದ ಆಚೆ ಹೋದರೂ ಇಲ್ಲ.

ಶೀಲ್ಡ್ ಮಂತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇದರಲ್ಲಿ ಡಿಎಂ ಆದವನ ಜವಾಬ್ದಾರಿ ಜಾಸ್ತಿ. ಏಟು ತಗುಲಿತು ಅಂತ ಗೊತ್ತಾದಾಗ ಹಾಕುವ ಮಂತ್ರ ಅದು. ಆರ್ಮರ್ ಕ್ಲಾಸ್‌ಗೆ (ಏಟು ತಗುಲಲು ಶತ್ರುವಿನ ದಾಳ ಮುಟ್ಟಬೇಕಾದ ಸಂಖ್ಯೆಗೆ) 5 ಸೇರುತ್ತದೆ, ಆ ಏಟಿಗೂ ಸೇರಿಸಿ, ತನ್ನ ಮುಂದಿನ ಸರದಿ ಶುರುವಾಗುವ ತನಕ. ತಂಗಿಯ ಮಾಂತ್ರಿಕೆಯದು 14. ಶತ್ರುವಿನದು 17 ಬಿತ್ತು ಅಂದರೆ ತಗುಲಿತು. ಶೀಲ್ಡ್ ಹಾಕಿದರೆ 19, ಏಟು ತಪ್ಪಿತು. 21 ಬಿದ್ದಿದ್ದರೆ ಹಾಕಿಯೂ ಆ ಏಟಿಗೆ ಪ್ರಯೋಜನ ಇಲ್ಲ. ನಾನು ಮೊದಲು ಏಟಿನ ದಾಳವನ್ನೂ ಗಾಯದ ದಾಳವನ್ನೂ ಒಟ್ಟಿಗೆ ಹಾಕುತ್ತಿದ್ದೆ. ಹನ್ನೆರಡು ಗಾಯ ಅಂತ ಕೇಳಿದ ಮೇಲೆ ಅವಳು ‘ಶೀಲ್ಡ್ ಅಣ್ಣಾ’ ಅನ್ನುತ್ತಿದ್ದಳು. ಎಷ್ಟು ಗಾಯ ಅಂತ ನೋಡಿ ನಿರ್ಧಾರ ಮಾಡುವುದು ಸರಿಯಲ್ಲ, ಆದರೆ ತಪ್ಪು ಅವಳದಲ್ಲ, ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಈಗ ಹೀಗೆ: ‘17, ತಗುಲಿತು’ ಅಂದು ನಿಲ್ಲುತ್ತೇನೆ, ಆಮೇಲೆ ಗಾಯದ ದಾಳ. ಸಂಖ್ಯೆ ಬಚ್ಚಿಡುವ ಡಿಎಂಗಳೂ ಇದ್ದಾರೆ. ನಾನು ಹೇಳಿಬಿಡುತ್ತೇನೆ. ಇರುವ ನಾಲ್ಕು ಮಂತ್ರದಲ್ಲಿ ಒಂದು ಸುಮ್ನೆ ಹಾಳಾದರೆ ಆಡುವವರಿಗೆ ಬೇಜಾರಾಗುತ್ತದೆ.

ಯಾರ ರಿಯಾಕ್ಷನ್ ಖರ್ಚಾಗಿದೆ ಅಂತ ನೆನಪಿಡಲು ಐದು ರೂಪಾಯಿ ನಾಣ್ಯ ಇಟ್ಟಿದ್ದೇವೆ. ಬಳಸಿದರೆ ಮಗುಚುವುದು, ತನ್ನ ಸರದಿ ಶುರುವಾದಾಗ ಮತ್ತೆ ತಿರುಗಿಸುವುದು. ಸರದಿಯ ಕ್ರಮಕ್ಕೆ ಹೆಸರು ಬರೆದ ಬಟ್ಟೆ ಕ್ಲಿಪ್ಪುಗಳು, ಒಂದು ರಟ್ಟಿಗೆ ಸಾಲಾಗಿ ಸಿಕ್ಕಿಸಿರುತ್ತವೆ.

ಹೊಂಚು ಹಾಕಿ ಮೊದಲ ಬಾಣ ಬಿಡುವಾಗಲೂ ಒಂದು ಗೊಂದಲ ಇತ್ತು. ‘ನಾನು ಮೊದ್ಲು ಹೊಡೆದೆ, ಆಮೇಲೆ ಇನಿಶಿಯೇಟಿವ್ ಹಾಕೋಣ’ ಅನ್ನುತ್ತಿದ್ದರು. ಅಲ್ಲ, ಮೊದಲು ಇನಿಶಿಯೇಟಿವ್. 2014ರ ನಿಯಮದಲ್ಲಿ ಹೊಂಚಿಗೆ ಅಂತ ಬೇರೆ ಸುತ್ತು ಇಲ್ಲ. ಬೆಚ್ಚಿಬಿದ್ದವನು ತನ್ನ ಮೊದಲ ಸರದಿಯಲ್ಲಿ ಏನೂ ಮಾಡಲಾರ, ಆ ಸರದಿ ಮುಗಿಯುವ ತನಕ ರಿಯಾಕ್ಷನ್ ಕೂಡ ಇಲ್ಲ. ಮುಗಿದ ಮೇಲೆ ಇದೆ. 2024ರ ಪುಸ್ತಕದಲ್ಲಿ ಇದನ್ನು ಬದಲಾಯಿಸಿ, ಬೆಚ್ಚಿದವರು ಇನಿಶಿಯೇಟಿವ್‌ಗೆ ಎರಡು ದಾಳ ಹಾಕಿ ಕಡಿಮೆಯದನ್ನು ತಗೊಳ್ಳಬೇಕು ಅಂತ ಮಾಡಿದ್ದಾರೆ. ನಮಗೆ ಹಳೆಯದೇ ಇಷ್ಟ.

ಒಂದು ಕಡೆ ಮಾತ್ರ ನಾವು ಪುಸ್ತಕ ಬಿಟ್ಟು ನಡೆಯುತ್ತೇವೆ. ಎರಡು ಸಂಗತಿ ಒಂದೇ ಕ್ಷಣಕ್ಕೆ ಆದರೆ ಯಾವುದು ಮೊದಲು ಅನ್ನುವುದಕ್ಕೆ 2017ರಲ್ಲಿ ಒಂದು ಐಚ್ಛಿಕ ನಿಯಮ ಬಂತು. ಯಾರ ಸರದಿಯೋ ಆ ಪಾತ್ರವನ್ನು ಆಡಿಸುವವರು ಹೇಳಿದ್ದೇ ಕ್ರಮ. ಕಳೆದ ವಾರ ಕೋಟೆ ಬಾಗಿಲ ಎದುರು ತಂಗಿಯೂ ಬಿಲ್ಲುಗಾರನೂ ಇಬ್ಬರೂ ‘ಬಾಗಿಲು ತೆರೆದ ಕೂಡಲೇ’ ಅಂತ ಕಾದು ನಿಂತಿದ್ದರು. ಬಾಗಿಲು ತೆರೆದದ್ದು ನನ್ನ ಕಾವಲುಗಾರ, ಅವನ ಸರದಿಯಲ್ಲಿ. ನಿಯಮದ ಪ್ರಕಾರ ಅವರಿಬ್ಬರಲ್ಲಿ ಯಾರು ಮೊದಲು ಅಂತ ಹೇಳಬೇಕಾದವನು ನಾನು. ಶತ್ರುವನ್ನು ಆಡಿಸುವವನು ಆಟಗಾರರ ಬಾಣದ ಕ್ರಮ ಹೇಳುವುದು ನನಗೆ ಸರಿ ಕಾಣಲಿಲ್ಲ. ರಟ್ಟಿನ ಮೇಲೆ ಯಾರ ಕ್ಲಿಪ್ಪು ಮುಂದೆ ಇದೆಯೋ ಅವರೇ ಮೊದಲು ಅಂದೆ. ತಂಗಿಯ ಕ್ಲಿಪ್ಪು ಮುಂದಿತ್ತು.