ಒಂದೇ ಕೈಯಲ್ಲಿ ಎರಡು ದನಿ: ಶೋಪಾನ್ ಎಟ್ಯೂಡ್ ಹಾಡಿಸಿದ ನನ್ನ ಅನುಭವ

ಭಾವವನ್ನು ಅಂಕಿಯಲ್ಲಿ ಅಳೆಯುವುದುಂಟೇ ಎಂದು ಬಲ್ಲವರೇ ಕೇಳಿದ್ದರು. ಪೋಲಿಷ್ ಸಂಯೋಜಕ ಶೋಪಾನ್‌ನ ಓಪಸ್ (ಕೃತಿಸಂಖ್ಯೆ) 10ರ 3ನೇ ಎಟ್ಯೂಡ್, ಅಂದರೆ ಪಿಯಾನೊ ಅಭ್ಯಾಸಕೃತಿ, ಇ ಮೇಜರ್ ಶ್ರುತಿಯದು, ಈಗ ನನ್ನ ಕೈಯಲ್ಲಿ ಹಾಡುತ್ತಿದೆ. ಹಾಡಿಸಿದ್ದು ಅಂಕಿಯೇ.

ಇದರ ತೊಡಕು ನುಡಿಸುವವರಿಗೆಲ್ಲ ಗೊತ್ತು. ಬಲಗೈಯ 3, 4, 5ನೇ ಬೆರಳುಗಳು (ನಡು, ಉಂಗುರ, ಕಿರುಬೆರಳು) ರಾಗ, ಅಂದರೆ ಹಾಡುವ ಮುಖ್ಯ ಸಾಲು, ಹಿಡಿಯಬೇಕು. ಅದೇ ಕೈಯ ಹೆಬ್ಬೆರಳು, ತೋರುಬೆರಳು ಒಳದನಿ, ಅಂದರೆ ರಾಗದ ಕೆಳಗೆ ಹರಿಯುವ ಜೊತೆಸ್ವರಗಳನ್ನು, ನುಡಿಸಬೇಕು. ಹ್ಯಾನನ್‌ನ ಬೆರಳಭ್ಯಾಸದ ಪುಸ್ತಕ ಇಲ್ಲಿ ಕೆಲಸಕ್ಕೆ ಬಾರದು. ಅದು ಐದೂ ಬೆರಳನ್ನು ಸಮ ಮಾಡುತ್ತದೆ, ನಮಗೆ ಬೇಕಾದ್ದು ಅಸಮ. ತೋಳಿನ ಭಾರ ಹಾಕಿದರೆ ಅದು ಹೆಬ್ಬೆರಳಿಗೂ ಇಳಿದು ಒಳದನಿ ಮೇಲೇಳುತ್ತದೆ. ದನಿ ತಗ್ಗಿಸುವ ಎಡಪೆಡಲ್ ಒತ್ತಿದರೆ ಎಲ್ಲವೂ ಒಟ್ಟಿಗೆ ಮಂಕು. ಪ್ರತಿ ಎತ್ತರದ ಸ್ವರದ ಮುಂದೆ ತಡೆದು ನಿಲ್ಲುವುದನ್ನು ಕೆಲವರು ಭಾವ ಅನ್ನುತ್ತಾರೆ. ದನಿಗಳ ಅಂತರ ಇಲ್ಲದ್ದನ್ನು ಅದು ಮುಚ್ಚುತ್ತದೆ, ಅಷ್ಟೇ. ಎಡಗೈ ತಾಳ ಬಿಡಬಾರದೆಂದು ಶೋಪಾನ್ ಕಲಿಸುತ್ತಿದ್ದುದನ್ನು ಅವನ ಶಿಷ್ಯರೇ ದಾಖಲಿಸಿದ್ದಾರೆ.

ಡಿಜಿಟಲ್ ಪಿಯಾನೊದಲ್ಲಿ ಮಿಡಿ (ನುಡಿಸಿದ್ದನ್ನು ಅಂಕಿಗಳಾಗಿ ಹಿಡಿಯುವ ವಿಧಾನ) ರೆಕಾರ್ಡ್ ಮಾಡಿ ವೆಲಾಸಿಟಿ, ಅಂದರೆ ಕೀಲಿ ಒತ್ತಿದ ರಭಸ, ನೋಡಿದೆ. 127ರ ಅಳತೆಯಲ್ಲಿ ರಾಗ 65ರ ಸುತ್ತ, ಒಳದನಿ 55. ಹತ್ತರ ಅಂತರ ಕಿವಿಗೆ ತಟ್ಟದು. ಗುರಿ ಇಟ್ಟಿದ್ದು ನಲವತ್ತು: ರಾಗ 75, ಒಳದನಿ 35, ಎಡಗೈಯ ಬೇಸ್ 45.

ಮೊದಲು ರಾಗ ಮಾತ್ರ, ಪೆಡಲ್ ಇಲ್ಲದೆ, ಕೊನೆಗೆ ಬಳಸುವ ಬೆರಳುಗಳಲ್ಲೇ. ಸುಲಭದ ಬೆರಳಿಗೆ ಜಾರಿದರೆ ಅಭ್ಯಾಸ ದಂಡ. ಆಮೇಲೆ ರಾಗ ಜೋರಾಗಿ, ಹೆಬ್ಬೆರಳು ಕೀಲಿಯನ್ನು ಮುಟ್ಟುತ್ತದೆ, ಒತ್ತುವುದಿಲ್ಲ. ಇದು ಸಲೀಸಾದ ಮೇಲೆಯೇ ಒಳದನಿ ಸ್ಟಕಾಟೊದಲ್ಲಿ (ಬಿಡಿಬಿಡಿಯಾಗಿ) ಮೆಲ್ಲಗೆ, ರಾಗ ಲೆಗಾಟೊ (ಬೆಸೆದು). ಮಣಿಕಟ್ಟು ಕಿರುಬೆರಳಿನ ಕಡೆ ತುಸು ವಾಲಿರಲಿ. ಮೆಟ್ರೊನೋಮ್ (ತಾಳಯಂತ್ರ) ಕ್ವೇವರ್‌ಗೆ, ಅಂದರೆ ಅರೆಬಡಿತದ ಸ್ವರಕ್ಕೆ, ನಿಮಿಷಕ್ಕೆ 60ರಿಂದ ಶುರು. 1833ರ ಮುದ್ರಣದಲ್ಲಿ ಕೊಟ್ಟಿರುವುದು 100. ನಾನು 84ರ ಆಸುಪಾಸಿನಲ್ಲಿ ನಿಂತಿದ್ದೇನೆ.

ರುಚಿ ಇರುವುದು ಇನ್ನು ಮುಂದೆ. ನಲವತ್ತನ್ನು ಉದ್ದಕ್ಕೂ ಒಂದೇ ಸಮ ಇಟ್ಟರೆ ಯಂತ್ರ ನುಡಿಸಿದಂತೆ ಇರುತ್ತದೆ. ಫ್ರೇಸ್ (ರಾಗದ ಒಂದು ವಾಕ್ಯ) ಮುಗಿಯುವಾಗ ಅಂತರವನ್ನು ಇಪ್ಪತ್ತಕ್ಕೆ ಇಳಿಸಿದರೆ ರಾಗ ಒಳದನಿಯೊಳಗೆ ಕರಗುತ್ತದೆ, ಕೇಳುವವರ ಗಂಟಲು ಕಟ್ಟುವುದು ಅಲ್ಲೇ. 17ನೇ ಬಾರಿನ (ತಾಳದ ಆವರ್ತದ) ಏರಿಕೆಯಲ್ಲಿ ರಾಗ 100 ದಾಟಿದರೂ ಒಳದನಿ 60 ಮೀರಬಾರದು.

46ನೇ ಬಾರಿನಿಂದ ಬರುವ ಆರನೇ ಅಂತರದ (ಒಂದರಿಂದ ಎಣಿಸಿದರೆ ಆರನೆಯ ಸ್ವರದಷ್ಟು ದೂರದ) ಜೋಡಿಸ್ವರಗಳಲ್ಲಿ ಮುಂಗೈ ಸೆಟೆಯುವುದು ಮಣಿಕಟ್ಟು ಬಿಗಿ ಹಿಡಿದಿದ್ದರಿಂದ. ಎರಡೆರಡು ಜೋಡಿಗೆ ಮಣಿಕಟ್ಟಿನ ಒಂದು ಇಳಿತ, ಒಂದು ಏರಿಕೆ. ಅಲ್ಲಿ ನಾನು ಬಳಸುವ ಬೆರಳಿನ ಕ್ರಮವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದೇ ಕ್ರಮವನ್ನು ಓಪಸ್ 25ರ 1ನೇ ಎಟ್ಯೂಡ್ ಮೇಲೂ ನೋಡಿದೆ. ರಾಗವೆಲ್ಲ ಕಿರುಬೆರಳಿನಲ್ಲೇ ಇರುವುದರಿಂದ ಬೇಗ ಕೂತಿತು. ಸಂಯೋಜಕ ಬಾಖ್‌ನ ಫ್ಯೂಗ್‌ಗಳಲ್ಲಿ (ಹಲವು ದನಿಗಳು ಒಂದರ ಹಿಂದೊಂದು ಅದೇ ಎಳೆ ಹಿಡಿಯುವ ಕೃತಿಗಳಲ್ಲಿ) ನಡುದನಿ ಎತ್ತಲು ಅರ್ಧ ಮಾತ್ರ ಉಪಯೋಗವಾಯಿತು.

ಡಿಜಿಟಲ್‌ನಲ್ಲಿ ಪಳಗಿದ್ದು ಅಪ್‌ರೈಟ್‌ನಲ್ಲಿ (ತಂತಿಗಳು ನೆಟ್ಟಗೆ ನಿಂತ ಪಿಯಾನೊದಲ್ಲಿ) ಕೈಕೊಡುತ್ತದೆ: ಮೆಲ್ಲಗೆ ಒತ್ತಿದ ಒಳಸ್ವರ ಹುಟ್ಟುವುದೇ ಇಲ್ಲ. ಸುತ್ತಿಗೆ ತಂತಿಯಿಂದ ದೂರದಲ್ಲೇ ಕಳಚಿಕೊಳ್ಳುತ್ತಿದ್ದರೆ ಹೀಗಾಗುತ್ತದೆ. ಈ ಲೆಟ್-ಆಫ್ ಅಂತರವನ್ನು ಸುಮಾರು 3 ಮಿಲಿಮೀಟರಿಗೆ ತರಿಸಿ, ಪೂರಾ ರೆಗ್ಯುಲೇಷನ್ (ಒಳಯಂತ್ರದ ಹೊಂದಾಣಿಕೆ) ಮಾಡಿಸಿದ್ದಕ್ಕೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಬರೀ ಟ್ಯೂನಿಂಗ್ ಮಾಡಿಸಿದರೆ ಇದು ಸರಿಹೋಗದು. ಮಳೆಗಾಲದಲ್ಲಿ ಕೀಲಿಯ ಫೆಲ್ಟ್ ಊದಿಕೊಂಡರೆ 35 ಸಿಗುವುದಿಲ್ಲ. ಆಗ ಒಳದನಿಯನ್ನು 42ಕ್ಕೆ ಏರಿಸಿ, ರಾಗವನ್ನೂ ಅಷ್ಟೇ ಮೇಲೆ ತೆಗೆದುಕೊಂಡು ಹೋಗುತ್ತೇನೆ.